ಮೊದಲು ನಕ್ಕವಳು

ನಗು ಬಾಯಿಂದ ಹೊರಬಿದ್ದ ಮೇಲೆಯೇ ಅದು ತನ್ನದೆಂದು ರಾಜಲಕ್ಷ್ಮಮ್ಮನಿಗೆ ತಿಳಿದದ್ದು. ಮಧ್ಯಾಹ್ನದ ಬಿಡುವು. ಸ್ಟಾಫ್ ರೂಮಿನ ಉದ್ದ ಮೇಜಿನ ಸುತ್ತ ಎಲ್ಲರೂ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಕನ್ನಡದ ಮೇಷ್ಟ್ರು ಶಂಕರಲಿಂಗಪ್ಪ ಎಲ್ಲರಿಗಿಂತ ಬೇಗ ಉಂಡು, ಕೈಯೊರೆಸಿಕೊಂಡು, ಪೇಪರು ಬಿಡಿಸಿ, ತಮಗೆ ರುಚಿ ಕಂಡದ್ದನ್ನು ಗಟ್ಟಿಯಾಗಿ ಓದಿ ಹೇಳುವವರು. "ಕೇಳ್ರಪ್ಪಾ ಇಲ್ಲಿ, ಕಲಿಗಾಲ ಅಂದ್ರೆ ಇದೇ ಕಣ್ರೀ. ಉತ್ತರದ ಕಡೆ ಯಾವ್ದೋ ಊರಲ್ಲಿ ಇಬ್ರು ಹೆಂಗಸ್ರು, ಇಬ್ರೂ ಸರ್ಕಾರಿ ನೌಕರೀಲಿರೋರು, ಗುಡೀಲಿ ಹಾರ ಬದಲಾಯಿಸ್ಕೊಂಡು ಮದುವೆ ಮಾಡ್ಕೊಂಡವ್ರಂತೆ. ಇಬ್ರನ್ನೂ ಕೆಲಸದಿಂದ ಕಿತ್ತಾಕಿದಾರೆ." ಮೇಷ್ಟ್ರು ಕನ್ನಡಕದ ಮೇಲಿಂದ ಒಂದು ಸುತ್ತು ನೋಡಿದರು. ಅವರ ನಾಲಗೆಯ ಮೇಲೆ ಮುಂದಿನ ಮಾತು ಸಿದ್ಧವಾಗಿತ್ತು, ತಾಳಿಯನ್ನು ಯಾರು ಯಾರಿಗೆ ಕಟ್ಟಿದರಂತೆ ಎಂಬುದು. ಆದರೆ ಆ ಮಾತು ಬರುವುದಕ್ಕೂ ಮುಂಚೆ, ಇನ್ನೂ ಯಾರ ತುಟಿಯೂ ಅಲುಗುವ ಮುಂಚೆ, ಇವಳು ನಕ್ಕುಬಿಟ್ಟಳು. ಸಣ್ಣ ನಗುವಲ್ಲ, ಎದೆಯಿಂದ ಎದ್ದು ಬಂದಂಥದ್ದು. ಆಮೇಲೆ ಒಪ್ಪಿಗೆ ಸಿಕ್ಕಿತೆನ್ನುವಂತೆ ಉಳಿದವರೂ ನಕ್ಕರು. ಹೊಲಿಗೆ ಟೀಚರ್ ಅಫ್ಜಲುನ್ನೀಸಾ ಮಾತ್ರ ಡಬ್ಬಿಯ ಮುಚ್ಚಳವನ್ನು ಸೆರಗಿನ ತುದಿಯಿಂದ ಒರೆಸುತ್ತಲೇ ಇದ್ದಳು. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಒರೆಸುತ್ತಿದ್ದಳೋ.

ಗಂಟೆ ಹೊಡೆಯಿತು. ಡ್ರಾಯಿಂಗ್ ಟೀಚರಾದ ರಾಜಲಕ್ಷ್ಮಮ್ಮ ಎಂಟನೇ ತರಗತಿಯ ಹುಡುಗಿಯರಿಗೆ ಹೂಜಿ ಬರೆಯಲು ಹೇಳಿ ಬೋರ್ಡಿನ ಮೇಲೆ ನಡುಗೆರೆಯೊಂದನ್ನು ಎಳೆದಳು. ಈ ಕಡೆ ಎಷ್ಟು ಉಬ್ಬಿದೆಯೋ ಆ ಕಡೆಯೂ ಅಷ್ಟೇ ಉಬ್ಬಬೇಕು, ಈ ಕಡೆ ಕುತ್ತಿಗೆ ಎಲ್ಲಿ ಸಣ್ಣಗಾಗುತ್ತದೋ ಆ ಕಡೆಯೂ ಅಲ್ಲೇ. ಹದಿನೇಳು ವರ್ಷದಿಂದ ಹೇಳಿಕೊಂಡು ಬಂದ ಮಾತು. ಇವತ್ತು ಎಡಗಡೆ ಬರೆದಾದ ಮೇಲೆ ಸೀಮೆಸುಣ್ಣ ಬಲಗಡೆಗೆ ಹೋಗಲೇ ಇಲ್ಲ. ಯಾಕೆ ಮೊದಲು ನಕ್ಕೆ? ಎಲ್ಲರೂ ನಕ್ಕ ಮೇಲೆ ತಾನೂ ತುಟಿ ಅಗಲಿಸಿದ್ದರೆ ಅದು ಲೋಕದ ರೂಢಿ ಅನ್ನಬಹುದಿತ್ತು. ಮಾತಾಡದೆ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೊದಲು ನಗುವವನು ಕಳ್ಳ. ಸಂತೆಯಲ್ಲಿ "ಹಿಡೀರಿ, ಹಿಡೀರಿ" ಎಂದು ಮೊದಲು ಕೂಗುತ್ತ ಓಡುವವನ ಸೊಂಟದಲ್ಲೇ ಗಂಟಿರುತ್ತದೆ. "ಮಿಸ್, ಅರ್ಧ ಹೂಜಿನೇ ಬರೀಬೇಕಾ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಹಿಂದೆ ಯಾರೋ ಕಿಸಕ್ಕೆಂದರು. ಆ ಸದ್ದಿಗೆ ಅವಳ ಬೆನ್ನು ಸುಟ್ಟಂತಾಯಿತು.

ರಾಮಾಂಜಿನಮ್ಮನನ್ನು ಮೊದಲು ಕಂಡದ್ದು ಪುರವರದ ಆರೋಗ್ಯ ಶಿಬಿರದಲ್ಲಿ. ಇಲಾಖೆಯವರು ಸ್ಕೂಲಿಗೆ ಬರೆದು ರಾಜಲಕ್ಷ್ಮಮ್ಮನ ಕೈಯಲ್ಲಿ ಪೋಸ್ಟರುಗಳನ್ನು ಮಾಡಿಸಿಕೊಂಡಿದ್ದರು. ಗುಂಡು ಕೆನ್ನೆಯ ಮಗು, ನಗುವ ತಾಯಿ, ಕೆಳಗೆ ಚುಚ್ಚುಮದ್ದಿನ ಬಗ್ಗೆ ಎರಡು ಸಾಲು. ಬಿಳಿ ಸೀರೆಯ ನರ್ಸಮ್ಮನೊಬ್ಬಳು ಪೋಸ್ಟರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇಂಥಾ ಕೆನ್ನೆ ಇರೋ ಕೂಸ್ನ ನಾನು ನಮ್ಮ ಪಾವಗಡದ ಹೊಸಕೋಟೆ ಕಡೆಯಾಗೆ ಒಂದೂ ನೋಡಿಲ್ಲ ಮೇಡಂ. ಈ ಕೂಸಿಗೆ ಸೂಜಿ ಯಾಕೆ ಚುಚ್ಚಬೇಕು, ಇದ್ರ ಅಮ್ಮಂಗೇ ಒಂದು ರೊಟ್ಟಿ ಕೊಡ್ರಿ" ಅಂದಿದ್ದಳು. ಪಾವಗಡದ ಕಡೆಯ ಮಾತು, ಅರ್ಧ ತೆಲುಗು, ಅರ್ಧ ಕನ್ನಡ. ಬರೆದವಳಿಗೆ ಸಿಟ್ಟು ಬಂದಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಮಾತು ನೆನೆದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು. ಆರು ತಿಂಗಳಿಗೆ ನರ್ಸಮ್ಮನಿಗೆ ಸ್ಕೂಲಿದ್ದ ಮಧುಗಿರಿಗೇ ವರ್ಗವಾಯಿತು. ಬಾಡಿಗೆ ಹಂಚಿಕೊಳ್ಳೋಣ ಎಂದದ್ದು ಯಾರು ಎಂಬುದು ಈಗ ಇಬ್ಬರಿಗೂ ನೆನಪಿಲ್ಲ. ಬೆಟ್ಟದ ಬುಡದ ಬೀದಿಯಲ್ಲಿ ಗೌರಕ್ಕನ ಮನೆಯ ಹಿಂಭಾಗ. ಎರಡು ಕೋಣೆ, ಒಂದು ಅಡುಗೆಮನೆ, ಸಂಜೆಯಾದರೂ ಬಂಡೆಯ ಕಾವು ಆರದ ಗೋಡೆಗಳು. ಎರಡು ಕೋಣೆ ಇರುವುದು ಒಳ್ಳೆಯದಾಯಿತು. ಬಂದವರಿಗೆ ಎರಡು ಮಂಚ ತೋರಿಸಬಹುದಿತ್ತು.

ಹತ್ತು ವರ್ಷವಾಯಿತು. ಹೊರಗೆ ಅವಳು 'ನಮ್ಮ ನರ್ಸಮ್ಮ', ತಾನು 'ಮೇಡಂ'. ಬಾಗಿಲು ಹಾಕಿದ ಮೇಲೆ ಅವಳು ಅಂಜಿನಾ, ತಾನು ರಾಜಿ. ಜನಗಣತಿಯ ವರ್ಷ ಇದೇ ಶಂಕರಲಿಂಗಪ್ಪ ಮೇಷ್ಟ್ರೇ ದೊಡ್ಡ ಕಾಗದಗಳನ್ನು ಹೊತ್ತು ಮನೆಗೆ ಬಂದಿದ್ದರು. ಮನೆಯ ಮುಖ್ಯಸ್ಥರು ಯಾರು? ಬರೆದುಕೊಂಡರು. "ಇವರು ನಿಮಗೆ ಏನಾಗ್ಬೇಕು ಅಂತ ಬರೀಲಿ ಮೇಡಂ?" ರಾಮಾಂಜಿನಮ್ಮ ಮೇಷ್ಟ್ರಿಗೆಂದು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏನೂ ಆಗ್ಬೇಕಿಲ್ಲ ಸಾರ್" ಎಂದಳು ರಾಜಲಕ್ಷ್ಮಮ್ಮ. ಎಷ್ಟು ಬೇಗ ಎಂದಳೆಂದರೆ ಮೇಷ್ಟ್ರು ತಲೆಯೆತ್ತಿ ನೋಡಿದರು. ಸಂಬಂಧವಿಲ್ಲದವರು ಎಂದು ದುಂಡಗೆ ಬರೆದುಕೊಂಡು, ಕಾಫಿ ಕುಡಿದು, ಸಕ್ಕರೆ ಮುಂದಾಗಿದೆ ಅಂದು ಹೋದರು. ಅಂದು ರಾಮಾಂಜಿನಮ್ಮ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೆ ಕೃತಜ್ಞಳಾಗಿದ್ದೆನಲ್ಲ ಎಂಬುದೇ ಈಗ, ಅರ್ಧ ಹೂಜಿಯ ಮುಂದೆ ನಿಂತಾಗ, ಹೆಚ್ಚು ನಾಚಿಕೆ ಹುಟ್ಟಿಸಿತು.

ಸಂಜೆ ಅವಳಿಗಿಂತ ಮೊದಲೇ ರಾಮಾಂಜಿನಮ್ಮ ಮನೆಗೆ ಬಂದು, ಕಾಲು ತೊಳೆದು, ಒಲೆ ಹೊತ್ತಿಸಿದ್ದಳು. ಬೆನ್ನು ಈ ಕಡೆಗಿತ್ತು. ಆ ಬೆನ್ನಿನಲ್ಲಿ ಏನೋ ಬಿಗಿ ಕಂಡಿತು.

"ಇವತ್ತು ಪೇಪರಾಗೆ ಬಂದಿತ್ತಲ್ಲ, ಆ ಇಬ್ರು ಹೆಂಗಸ್ರದು. ನಮ್ಮ ಕಾಂಪೌಂಡರ್ರು ಔಷಧಿ ಕಿಟಕಿತಾವ ಓದಿ ಓದಿ ನಗ್ತಿದ್ದ. ಪೇಷೆಂಟ್ಸೆಲ್ಲಾ ಹಲ್ಲು ಕಿರೀತಿದ್ರು."

"ನೀನು?"

"ಅದ್ರಾಗೆ ನಗೋಂಥದ್ದು ಏನೈತೆ ಸಾರ್, ಹೊಟ್ಟೆ ಮೇಲೆ ಹೊಡ್ದವ್ರಲ್ಲ ಅಂದೆ. ಅಂದ್ಬುಟ್ಟು ವಾರ್ಡಿಗೆ ಹೋಗ್ಬುಟ್ಟೆ. ಕಾಲು ಹೆಂಗೆ ನಡುಗ್ತಿದ್ವು ಗೊತ್ತೇನೇ?" ಸೌಟು ಕೆಳಗಿಟ್ಟು ತಿರುಗಿದಳು. "ನಿಮ್ಮ ಸ್ಕೂಲಾಗೆ ಯಾರೂ ಏನೂ ಅನ್ಲಿಲ್ವಾ?"

"ಇವತ್ತು ನಮ್ಮಲ್ಲಿ ಪೇಪರೇ ಬರಲಿಲ್ಲ" ಎಂದಳು ರಾಜಲಕ್ಷ್ಮಮ್ಮ.

ರಾಮಾಂಜಿನಮ್ಮ ಒಂದು ಗಳಿಗೆ ಅವಳನ್ನೇ ನೋಡಿ, "ಸರೇಲೇ, ಕೈ ತೊಳ್ಕೊ" ಎಂದಳು.

ಮರುದಿನ ಶುಕ್ರವಾರ ಪೂರ್ತಿ ರಾಜಲಕ್ಷ್ಮಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟಾಫ್ ರೂಮಿಗೆ ಹೋಗದೆ ಬುತ್ತಿಯನ್ನು ಡ್ರಾಯಿಂಗ್ ರೂಮಿನ ಬೀರುವಿನ ಮರೆಯಲ್ಲಿ ತಿಂದಳು. ತಿನ್ನುವಾಗ ಬಾಗಿಲು ತೆರೆದು ಹೆಡ್‌ಮಿಸ್ ಇಣುಕಿ, "ಏನ್ರೀ ಇಲ್ಲಿ ಕದ್ದು ತಿಂತಿದೀರಾ?" ಎಂದು ನಕ್ಕು ಹೋದರು. ತಮಾಷೆಯ ಮಾತೇ. ಆದರೆ ಅವಳು ಅರ್ಧಕ್ಕೇ ಡಬ್ಬಿ ಮುಚ್ಚಿದಳು. ತನ್ನ ಮೂವತ್ತೈದನೇ ವಯಸ್ಸಿನವರೆಗೂ ಕೊರಟಗೆರೆಯ ಅಣ್ಣ ಗಂಡುಗಳ ಜಾತಕ ತರುತ್ತಿದ್ದ. ಒಬ್ಬನಿಗೆ ಎತ್ತರ ಸಾಲದು, ಒಬ್ಬನ ಮನೆಯವರು ಕೆಲಸ ಬಿಡು ಅನ್ನುತ್ತಾರೆ, ಒಬ್ಬನ ನಕ್ಷತ್ರ ಕೂಡುವುದಿಲ್ಲ. ಹೇಳಿದ ಕಾರಣಗಳೆಲ್ಲ ಸುಳ್ಳು, ಎಲ್ಲರೂ ನಂಬುವಂಥ ಸುಳ್ಳು. ಕಡೆಗೆ ಅಣ್ಣ, "ನಿನ್ನ ಮನಸ್ಸಲ್ಲಿ ಇರೋದಾದ್ರೂ ಏನಮ್ಮ?" ಎಂದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟುಕೊಂಡೇ ಕೇಳಿದ್ದ. ಕಂಡಕ್ಟರು ಸೀಟಿ ಊದಿದ್ದ. ಆ ಸೀಟಿ ಊದದಿದ್ದರೆ ತಾನು ಹೇಳುತ್ತಿದ್ದೆನೆಂದು ಎಷ್ಟೋ ದಿನ ನಂಬಿಕೊಂಡಿದ್ದಳು. ಈಗ ಅದೂ ಸುಳ್ಳೆಂದು ಗೊತ್ತಾಯಿತು. ನಿನ್ನೆ ಯಾವ ಕಂಡಕ್ಟರೂ ಇರಲಿಲ್ಲವಲ್ಲ.

ಶನಿವಾರ ಅರ್ಧ ದಿನದ ಸ್ಕೂಲು. ಮನೆಗೆ ಬಂದಾಗ ರಾಮಾಂಜಿನಮ್ಮ ಹಿತ್ತಲ ಬಾಗಿಲ ಬೆಳಕಿನಲ್ಲಿ ಕಾಲು ಚಾಚಿ ಕೂತು, ಊರಿಂದ ಬಂದ ಕಡಲೆಕಾಯಿ ಸುಲಿಯುತ್ತಿದ್ದಳು. ಸೆರಗು ಜಾರಿ ಮಡಿಲಲ್ಲಿ ಬಿದ್ದಿತ್ತು. ಕಿವಿಯ ಹಿಂದೆ ಬಿಳಿಗೂದಲು. ನೂರಾರು ಕೂಸುಗಳನ್ನು ಹಿಡಿದೆತ್ತಿದ ದಪ್ಪ ಬೆರಳುಗಳು ಸಿಪ್ಪೆಯನ್ನು ಪಟಕ್ಕೆಂದು ಬಿಡಿಸಿ ಬೀಜವನ್ನು ಮೊರಕ್ಕೆ ಹಾರಿಸುತ್ತಿದ್ದವು. ರಾಜಲಕ್ಷ್ಮಮ್ಮ ನಿಂತಲ್ಲೇ ನಿಂತಳು. ಹತ್ತು ವರ್ಷದಲ್ಲಿ ಇವಳನ್ನು ಒಂದು ಸಲವೂ ಬರೆದಿರಲಿಲ್ಲ. ಬೆಟ್ಟ ಬರೆದಿದ್ದಳು, ಹೂಜಿ, ಗುಲಾಬಿ, ರಾಷ್ಟ್ರನಾಯಕರು, ಹೆಡ್‌ಮಿಸ್ಸಿನ ಸತ್ತ ಮಾವನನ್ನು ಕೂಡ ಒಂದು ಮಾಸಿದ ಫೋಟೋ ನೋಡಿ ಬರೆದುಕೊಟ್ಟಿದ್ದಳು. ಇವಳನ್ನು ಬರೆಯಲು ಹೆದರಿಕೆ. ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ನೋಡಿದವಳೇ ಬರೆದದ್ದು ಎಂದು ಚಿತ್ರವೇ ಸಾಕ್ಷಿ ಹೇಳಿಬಿಡುತ್ತದೆ.

"ಅಲ್ಲಾಡಬೇಡ" ಎಂದು ಡ್ರಾಯಿಂಗ್ ಶೀಟು ತಂದಳು.

"ಏಮೇ, ಏನಾತು ನಿಂಗೆ? ನನ್ನ ಮುಖ ಯಾರು ನೋಡ್ತಾರೆ?"

"ಸುಲೀತಾ ಇರು. ಕೈ ನಿಲ್ಲಿಸಬೇಡ."

ನಡುಗೆರೆ ಎಳೆಯಲಿಲ್ಲ. ಎಡ ಭುಜ ಬಲಕ್ಕಿಂತ ಇಳಿದಿತ್ತು, ಇಳಿದಂತೆಯೇ ಬರೆದಳು. ಚೀಲ ಹೊತ್ತು ಹಳ್ಳಿ ಹಳ್ಳಿ ತಿರುಗಿದ ಭುಜ ಅದು. ಮೂಗು ಒರಟು. ಒಂದು ಪಾದದ ಹಿಮ್ಮಡಿ ಒಡೆದಿತ್ತು. ಪೆನ್ಸಿಲು ಕಾಗದದ ಮೇಲೆ ಹೋಗುತ್ತಿದ್ದಂತೆ ಎರಡು ದಿನದಿಂದ ಎದೆಯೊಳಗೆ ಸುತ್ತುತ್ತಿದ್ದದ್ದು ಸ್ವಲ್ಪ ಸ್ವಲ್ಪವೇ ಕೈಗೆ ಇಳಿಯತೊಡಗಿತು. ಕಣ್ಣಿಂದ ನೀರು ಬರುತ್ತಿದೆಯೆಂದು ತಿಳಿದದ್ದು ಶೀಟಿನ ಮೂಲೆ ಒದ್ದೆಯಾದಾಗ. ರಾಮಾಂಜಿನಮ್ಮ ನೋಡಿದಳು, ಸುಲಿಯುತ್ತಲೇ ಇದ್ದಳು. ಚಿತ್ರ ಮುಗಿದ ಮೇಲೆ ರಾಜಲಕ್ಷ್ಮಮ್ಮ ಇನ್ನೊಂದು ಕಾಗದ ತೆಗೆದುಕೊಂಡಳು. ಅದೇ ಪೆನ್ಸಿಲಿನಲ್ಲಿ ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಬಿಸಿಲು ಹೊಸ್ತಿಲಿನಿಂದ ಹಿಂದೆ ಸರಿಯುವ ಹೊತ್ತಿಗೆ, "ಅಂಜಿನಾ, ಇದನ್ನ ಕೇಳು" ಎಂದು ಓದಿದಳು.

"ಮಾನ್ಯ ಸಂಪಾದಕರಿಗೆ. ನಾನು ನಲವತ್ತೊಂದು ವರ್ಷದ ಡ್ರಾಯಿಂಗ್ ಟೀಚರು. ತಮ್ಮ ಪತ್ರಿಕೆಯಲ್ಲಿ ಇಬ್ಬರು ಹೆಂಗಸರ ಸುದ್ದಿ ಬಂದ ದಿನ, ಅದನ್ನು ಓದಿ ಹೇಳಿದಾಗ, ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಹೆದರಿಕೆಗೆ ನಕ್ಕೆ. ಹತ್ತು ವರ್ಷದಿಂದ ನಾನೂ ಒಬ್ಬ ಹೆಂಗಸಿನೊಂದಿಗೆ ಬಾಳುತ್ತಿದ್ದೇನೆ. ನನಗೆ ಟೈಫಾಯಿಡ್ ಬಂದಾಗ ಇಪ್ಪತ್ತೊಂದು ದಿನ ಮಲಗದೆ ಕೂತವಳು ಅವಳು. ನಮ್ಮಿಂದ ಯಾರ ಮಕ್ಕಳ ಪಾಠವೂ ಕೆಟ್ಟಿಲ್ಲ, ಯಾವ ಕೂಸೂ ಸತ್ತಿಲ್ಲ. ಆ ಇಬ್ಬರ ಅನ್ನ ಕಿತ್ತುಕೊಂಡದ್ದು ತಪ್ಪು. ಅವರಿಗೆ ಅವರ ಕೆಲಸ ವಾಪಸು ಕೊಡಬೇಕು. ನಾನು ನಕ್ಕದ್ದಕ್ಕೆ ಅವರ ಕ್ಷಮೆ ಕೇಳುತ್ತೇನೆ."

ಮೊರದ ಮೇಲಿನ ಕೈ ನಿಂತಿತ್ತು. "ಮೊದ್ಲು ನಕ್ಕಿದ್ದು ನೀನೇನಾ?"

"ಹೂಂ."

ರಾಮಾಂಜಿನಮ್ಮ ಎದ್ದು ಹಿತ್ತಲಿಗೆ ಹೋದಳು. ಬೆಳಿಗ್ಗೆ ಒಗೆದು ಒಣಗಿದ್ದ ಸೀರೆಯನ್ನೇ ಎಳೆದು ಮತ್ತೆ ನೀರಿಗೆ ಹಾಕಿ ಕಲ್ಲಿನ ಮೇಲೆ ಬಡಿದಳು. ಆ ಬಡಿತಗಳನ್ನು ರಾಜಲಕ್ಷ್ಮಮ್ಮ ಒಳಗೆ ಕೂತು ಒಂದೊಂದಾಗಿ ಕೇಳಿಸಿಕೊಂಡಳು. ಹೋಗಿ ಕೈ ಹಿಡಿಯಬೇಕೆನಿಸಿತು. ಹಿಡಿದರೆ ಕ್ಷಮಿಸು ಎಂದು ಬಲವಂತ ಮಾಡಿದಂತಾಗುತ್ತದೆ ಎಂದು ಕೂತೇ ಇದ್ದಳು. ಬಹಳ ಹೊತ್ತಿನ ಮೇಲೆ ಅವಳು ಒದ್ದೆ ಕೈಯಲ್ಲೇ ಬಂದು ಬಾಗಿಲಿಗೆ ಒರಗಿದಳು.

"ನಂಗೆ ಗೊತ್ತಿತ್ತು ಕಣೇ. ಪೇಪರ್ ಬರಲಿಲ್ಲ ಅಂದ್ಯಲ್ಲ, ಆಗ್ಲೇ. ನಿಮ್ಮ ಸ್ಕೂಲಿಗೂ ನಮ್ಮ ಆಸ್ಪತ್ರೆಗೂ ಪೇಪರ್ ಬರೋದು ಒಂದೇ ಬಸ್ಸಾಗೆ. ಆದ್ರೆ ಮೊದ್ಲು ನಕ್ಕೆ ಅಂತ ಗೊತ್ತಿರ್ಲಿಲ್ಲ." ಕಾಗದದ ಕಡೆ ನೋಡಿ, "ಕೆಳ್ಗೆ ಹೆಸ್ರು ಹಾಕ್ತೀಯಾ?" ಎಂದಳು.

"ಒಬ್ಬ ಓದುಗಿ ಅಂತ ಹಾಕೋಣ ಅಂದ್ಕೊಂಡಿದ್ದೆ."

"ಅಂಗಾದ್ರೆ ಕಳಿಸ್ಬ್ಯಾಡ. ಹೆಸ್ರಿಲ್ದಿರೋ ಕಾಗ್ದ ನಮ್ಮ ಆಫೀಸಿಗೂ ಬರ್ತಾವೆ, ಯಾರ್ದೋ ಮೇಲೆ ಯಾರೋ ಚಾಡಿ ಹೇಳಾಕೆ. ಅದೂ ಇದೂ ಒಂದೇ ಆಗ್ತೈತೆ."

"ಕೆಲಸ ಹೋದ್ರೆ?"

"ಹೋದ್ರೆ ಹೋಗ್ಲಿ ಅನ್ನೋಕೆ ನಾನೇನು ಧೈರ್ಯಸ್ಥೆ ಅಲ್ಲ. ನಂಗೂ ಭಯ ಐತೆ. ನನ್ನ ಕಾಲು ನಡುಗಿದ್ದು ಹೇಳಲಿಲ್ವಾ?" ಎಂದು ಬಂದು ಪಕ್ಕದಲ್ಲಿ ಕೂತು, ಮಡಿಸಿದ ಕಾಗದವನ್ನು ತನ್ನ ಒದ್ದೆ ಬೆರಳಿನಿಂದ ಮತ್ತೆ ಬಿಚ್ಚಿಟ್ಟಳು. ರಾಜಲಕ್ಷ್ಮಮ್ಮ ಅದನ್ನು ಶಾಯಿಯಲ್ಲಿ ಶುದ್ಧಪ್ರತಿ ಮಾಡಿದಳು. ಕೆಳಗೆ ತನ್ನ ಹೆಸರು, ಮಧುಗಿರಿ ಎಂದು ಬರೆದು, ಬೀದಿಯ ಹೆಸರನ್ನೂ ಹಾಕಿದಳು.

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೇ ದಿನ ಓದುಗರ ಪತ್ರಗಳ ಕೆಳಮೂಲೆಯಲ್ಲಿ, ಚರಂಡಿ ದುರಸ್ತಿಯ ಪತ್ರವೊಂದರ ಪಕ್ಕದಲ್ಲಿ ಅದು ಅಚ್ಚಾಯಿತು. ಆ ದಿನ ಶಂಕರಲಿಂಗಪ್ಪ ಮೇಷ್ಟ್ರು ಪೇಪರನ್ನು ಬಿಡಿಸಿದರು, ಒಳಪುಟಕ್ಕೆ ಬಂದು ನಿಂತರು, ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಯಾರೂ ಏನೂ ಓದಲಿಲ್ಲ. ಚಮಚದ ಸದ್ದು, ನೀರು ಕುಡಿಯುವ ಸದ್ದು. ರಾಜಲಕ್ಷ್ಮಮ್ಮ ತನ್ನ ಮಾಮೂಲಿನ ಜಾಗದಲ್ಲೇ ಕೂತು ಬುತ್ತಿಯನ್ನು ಕಡೆಯ ಅಗುಳಿನವರೆಗೆ ಉಂಡಳು. ಉಂಡದ್ದು ಮೊಸರನ್ನವೋ ಚಿತ್ರಾನ್ನವೋ ತಿಳಿಯಲಿಲ್ಲ. ಏಳುವಾಗ ಅಫ್ಜಲುನ್ನೀಸಾ ಅವಳ ಪಕ್ಕ ಬಂದು, "ಬಿಸಿಲು ಜಾಸ್ತಿ, ಮುಖ ತೊಳ್ಕೊಳ್ಳಿ ಮೇಡಂ" ಎಂದು ತನ್ನ ಕರವಸ್ತ್ರ ಕೊಟ್ಟಳು. ಅಷ್ಟೇ. ಮಾರನೆಯ ದಿನ ಹೆಡ್‌ಮಿಸ್ ಮೆಮೋ ಕೊಟ್ಟರು: ಸರ್ಕಾರಿ ನೌಕರರು ಅನುಮತಿಯಿಲ್ಲದೆ ಪತ್ರಿಕೆಗೆ ಬರೆದದ್ದೇಕೆ, ಏಳು ದಿನದಲ್ಲಿ ಸಮಜಾಯಿಷಿ ಕೊಡತಕ್ಕದ್ದು. ಅದರಲ್ಲಿ ಬೇರೆ ವಿಷಯವೇ ಇರಲಿಲ್ಲ. ಕೊಡುವಾಗ ಅವರು ಮುಖ ನೋಡಲಿಲ್ಲ. ಹಿಂದಿನ ಗೋಡೆಯ ಮೇಲೆ ತಾನು ಬರೆದುಕೊಟ್ಟ ಅವರ ಮಾವ ಇರಬೇಕಿತ್ತು ಎಂಬ ಒಂದು ಹುಚ್ಚು ಯೋಚನೆ ಬಂದು ರಾಜಲಕ್ಷ್ಮಮ್ಮ ತುಟಿ ಕಚ್ಚಿಕೊಂಡಳು.

ಮನೆಯ ಒಡತಿ ಗೌರಕ್ಕ ಸಂಜೆ ಹಿತ್ತಲ ಕಡೆಯಿಂದ ಬಂದು, ಒಳಗೆ ಕಾಲಿಡದೆ, ತೊಲೆಯನ್ನೇ ನೋಡುತ್ತ, "ಜನ ಏನೇನೋ ಅಂತಾವ್ರೆ ಕಣಮ್ಮ. ನಮಗೂ ಮಾನ ಮರ್ವಾದೆ ಐತೆ. ಮನೆ ನೋಡ್ಕಂಡ್ರೆ ಒಳ್ಳೇದು" ಎಂದಳು. ಆಮೇಲೆ ರಾಮಾಂಜಿನಮ್ಮನ ಕಡೆ ತಿರುಗಿ ದನಿ ಇಳಿಸಿ, "ಈಗ್ಲೇ ಅಲ್ಲ ಕಣವ್ವಾ. ಸೊಸೆಗೆ ಎಂಟು ತಿಂಗ್ಳು. ಹೆರಿಗೆ ಒಂದಾಗ್ಲಿ, ಆಮ್ಯಾಕೆ ನೋಡಾನ" ಎಂದಳು. ಅವಳು ಹೋದ ಮೇಲೆ ರಾಮಾಂಜಿನಮ್ಮ ಬಾಗಿಲು ಹಾಕಿಕೊಂಡು, "ಕೂಸು ಬ್ಯಾಗ ಬರ್ಲಿ ಅಂತ ಬೇಡ್ಕೊಳ್ಳೋದಾ, ತಡಾಗ್ಲಿ ಅಂತಾನಾ?" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹೆದರಿಕೆ ಹೋಗಿರಲಿಲ್ಲ. ಆದರೆ ಅದನ್ನು ಈಗ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ನೋಡಬಹುದಾಗಿತ್ತು. ಚಿತ್ರವನ್ನು ಅವತ್ತೇ ಮುಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ಭಾನುವಾರ ಹನ್ನೊಂದರ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ರಾಜಲಕ್ಷ್ಮಮ್ಮನಿಗೆ ಮೊದಲು ಬಂದ ಯೋಚನೆ ಇಲಾಖೆಯವರು ಎಂದು. ಹೊರಗೆ ಮೂವತ್ತು ದಾಟಿದ ಒಬ್ಬ, ತೆಳ್ಳಗೆ, ಉಗುರಿನ ಸಂದಿಯಲ್ಲಿ ಕೆಂಪು ನೀಲಿ ಬಣ್ಣ. "ಸಲಾಮ್ ಮೇಡಂ. ನಾನು ಜಹೀರ್ ಅಹಮದ್. ಸಿರಾದಿಂದ ಬಂದೆ. ಅಂಗಡಿ ಬೋರ್ಡು ಬರೀತೀನಿ. ಪೇಪರಲ್ಲಿ ಆ ಖತ್ ಬರ್ದಿದ್ದು... ನೀವೇ ಅಲ್ವಾ?" ಕೂತ. ನೀರು ಕುಡಿದ. ಗೋಡೆಯ ಚಿತ್ರವನ್ನು ನೋಡಿ, ಎದ್ದು ಹತ್ತಿರ ಹೋಗಿ, "ಬೆರಳು ಬರಿಯೋದು ಬಹುತ್ ಕಷ್ಟ ಮೇಡಂ. ಇವು ಕೆಲಸ ಮಾಡ್ತಾ ಇವೆ" ಎಂದ. ಮತ್ತೆ ಬಂದು ಕೂತ. ಎನಾಮಲ್ ಬಣ್ಣದ ಬಗ್ಗೆ ಮಾತಾಡಿದ, ಬಸ್ಸು ತಡವಾದದ್ದನ್ನು ಹೇಳಿದ, ಮತ್ತೆ ಎನಾಮಲ್ ಬಣ್ಣಕ್ಕೆ ಬಂದ. ಜೇಬಿನಲ್ಲಿ ಏನೋ ಇತ್ತು, ಕೈ ಅಲ್ಲಿಗೇ ಹೋಗಿ ಬರುತ್ತಿತ್ತು. ಕಡೆಗೆ ಅದನ್ನು ತೆಗೆದ. ಪತ್ರಿಕೆಯಿಂದ ಕತ್ತರಿಸಿದ ಆ ಪತ್ರ, ನಾಲ್ಕು ಮಡಿಕೆಯಲ್ಲಿ, ಮಡಿಕೆಗಳು ಆಗಲೇ ಸವೆದಿದ್ದವು.

"ಒಬ್ರೇ ಬಂದ್ರಾ?" ಎಂದು ರಾಮಾಂಜಿನಮ್ಮ ಕಡಲೆಬೀಜದ ತಟ್ಟೆಯನ್ನು ಅವನ ಮುಂದೆ ಸರಿಸುತ್ತ ಕೇಳಿದಳು. ಯಾರನ್ನಾದರೂ ಕೇಳುವಂಥ ಮಾತು.

ಜಹೀರ್ ಅಹಮದ್ ತಟ್ಟೆಯನ್ನೇ ನೋಡಿದ. "ಇಲ್ಲಮ್ಮ. ದಾಸಣ್ಣ ಬಂದವ್ನೆ. ಪಟ್ಟನಾಯಕನಹಳ್ಳಿಯವನು, ಕಂಬಳಿ ವ್ಯಾಪಾರ. ಬಸ್ ಸ್ಟ್ಯಾಂಡಲ್ಲಿ ಕೂತವ್ನೆ. ಮೊದ್ಲು ನೀನೊಬ್ಬನೇ ಹೋಗು, ಅವ್ರು ಹೆಂಗೋ ಏನೋ, ಬೈದ್ರೆ ಒಬ್ಬನೇ ಬೈಸ್ಕೊಂಡು ಬಾ ಅಂದ." ಬೀಜವೊಂದನ್ನು ಎತ್ತಿಕೊಂಡು ಮತ್ತೆ ತಟ್ಟೆಗೇ ಹಾಕಿದ. "ಆರು ವರ್ಷ ಆಯ್ತು ಮೇಡಂ. ಇದುನ್ನ ಇನ್ನೊಬ್ರ ಮುಂದೆ ಬಾಯಿಬಿಟ್ಟು ಹೇಳಿದ್ದು ಇವತ್ತೇ."

"ಅಯ್ಯೋ ರಾಮಾ, ಇಂಥಾ ಬಿಸ್ಲಾಗೆ ಆ ಮನುಷ್ಯನ್ನ ಅಲ್ಲಿ ಕೂರಿಸ್ಬುಟ್ಟು ನೀನಿಲ್ಲಿ ಬಣ್ಣದ ಕತೆ ಹೇಳ್ತೀಯಲ್ಲಪ್ಪಾ!" ಎಂದು ರಾಮಾಂಜಿನಮ್ಮ ಎದ್ದೇಬಿಟ್ಟಳು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಅತ್ತ ಓಡುತ್ತಲೇ, "ನಾಕು ಜನಕ್ಕೆ ಅಕ್ಕಿ ಹಾಕ್ತೀನಿ, ಕರ್ಕೊಂಡು ಬರ್ರಿ" ಎಂದಳು.

ಜಹೀರ್ ಅಹಮದ್ ಏಳಲು ಹೋದವನು ಮುಖ ಮುಚ್ಚಿಕೊಂಡು ಮತ್ತೆ ಕೂತ. "ನೀವಿರಿ. ನಾನು ಹೋಗಿ ಬರ್ತೀನಿ" ಎಂದು ರಾಜಲಕ್ಷ್ಮಮ್ಮ ಚಪ್ಪಲಿ ಮೆಟ್ಟಿದಳು. ಬೀದಿಗಿಳಿದ ಮೇಲೆಯೇ ಹೊಳೆದದ್ದು, ಪತ್ರ ಅಚ್ಚಾದಂದಿನಿಂದ ತಾನು ಸ್ಕೂಲಿಗೆ ಹೋಗುವುದೂ ಬರುವುದೂ ಹಿಂದಿನ ಓಣಿಯಲ್ಲೇ ಎಂದು. ಈಗ ಸೀದಾ ಪೇಟೆಬೀದಿಯಲ್ಲಿ ನಡೆದಳು. ಬಳೆ ಅಂಗಡಿಯವನು ನೋಡಿದ. ಹೋಟೆಲಿನ ಮುಂದೆ ನಿಂತ ಇಬ್ಬರು ಮಾತು ನಿಲ್ಲಿಸಿದರು. ಅವಳು ದಾಟಿದ ಮೇಲೆ ಅವರಲ್ಲೊಬ್ಬ ಏನೋ ಅಂದ. ಅವಳು ನಿಲ್ಲಲಿಲ್ಲ. ಮೆಮೋಗೆ ಏನು ಉತ್ತರ ಬರೆಯುವುದೆಂದು ಇನ್ನೂ ಗೊತ್ತಿರಲಿಲ್ಲ. ಎಂಟು ತಿಂಗಳು, ಒಂಬತ್ತು ತಿಂಗಳು, ಆಮೇಲೆ ಯಾವ ಬೀದಿ, ಯಾವ ಮನೆ, ಅದೂ ಗೊತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚುಗಳ ಮೇಲೆ ಹತ್ತಿಪ್ಪತ್ತು ಜನ ಕೂತಿದ್ದರು. ಅವನು ಹೇಗಿದ್ದಾನೆಂದು ಕೇಳಿಕೊಂಡು ಬರಲೇ ಇಲ್ಲವಲ್ಲ ಎಂದು ಬಿಸಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಂಬಳಿ ಹೆಗಲ ಮೇಲಿದ್ದವರೇ ನಾಲ್ಕು ಜನ. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಸಿರಾದ ಬಸ್ಸು ಬಂತು. ಎಲ್ಲರೂ ಗಂಟುಮೂಟೆ ಎತ್ತಿಕೊಂಡು, ಒಬ್ಬರನ್ನೊಬ್ಬರು ತಳ್ಳಿಕೊಂಡು ಬಾಗಿಲಿಗೆ ನುಗ್ಗಿದರು. ಒಬ್ಬ ಮಾತ್ರ ಏಳಲಿಲ್ಲ. ನಲವತ್ತರ ಆಸುಪಾಸಿನವನು, ಕಂಬಳಿಯ ಹೊರೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಬಸ್ಸಿನ ಕಡೆ ನೋಡದೆ, ಪೇಟೆಬೀದಿಯ ಕಡೆಗೇ ಕಣ್ಣಿಟ್ಟು ಕೂತಿದ್ದ.

ಅವಳು ಹತ್ತಿರ ಹೋಗಿ ನಿಂತಳು. ಅವನು ಗಾಬರಿಯಿಂದ ಎದ್ದು ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ದಾಸಣ್ಣ ಅಲ್ವಾ?" ಎಂದಳು. "ಮನೆಗೆ ಬನ್ನಿ. ಅನ್ನಕ್ಕೆ ಇಟ್ಟಿದಾರೆ."

ಅವನು ಬಗ್ಗಿ ಹೊರೆಯನ್ನು ಎತ್ತಲು ಹೋದ. ಅದರ ಒಂದು ತುದಿಗೆ ಅವಳೂ ಕೈ ಹಾಕಿದಳು.